ಒಂದು ಪುಸ್ತಕ, 258 ಚಿತ್ರ: ಶಾಹ್ ತಹ್ಮಾಸ್ಪನ ಶಾಹನಾಮೆ ಚೆದುರಿಹೋದ ಕಥೆ

2022ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸೋದಬೀಸ್ ಹರಾಜಲ್ಲಿ ಶಾಹ್ ತಹ್ಮಾಸ್ಪನ ಶಾಹನಾಮೆ ಅನ್ನೋ ಹಳೇ ಕೈಬರಹದ ಪುಸ್ತಕದ ಒಂದು ಹಾಳೆ, ಬರೀ ಒಂದೇ ಒಂದು ಹಾಳೆ, 80 ಲಕ್ಷ ಪೌಂಡ್‌ಗೂ ಮೇಲೆ ಹೋಯ್ತು, ನಮ್ಮ ಲೆಕ್ಕದಲ್ಲಿ 75 ಕೋಟಿ ದಾಟುತ್ತೆ. ರುಸ್ತುಂ ಅನ್ನೋ ವೀರ ಕಳೆದುಹೋದ ತನ್ನ ಕುದುರೆ ರಖ್ಶ್‌ನ ವಾಪಸ್ ಹಿಡ್ಕೊಳ್ಳೋ ಚಿತ್ರ ಅದು. ಇಂಥ ಸುದ್ದಿ ಬಂದಾಗೆಲ್ಲಾ ಅದರ ಜೊತೆ ನೂರೆಂಟು ಮಾತು ಹರಿದಾಡುತ್ತೆ, ಇದು ಇರಾನಿಂದು ಅಂತ ಒಬ್ಬರು, ಅಲ್ಲ ಟರ್ಕಿಯದು ಅಂತ ಇನ್ನೊಬ್ಬರು, ಅಮೆರಿಕದ ಮ್ಯೂಸಿಯಂನವರು ಹರಿದು ಮಾರಿದ್ರು ಅಂತ ಮತ್ತೊಬ್ಬರು, ಇರಾನ್‌ನವರು ಒಂದು ನಗ್ನ ಚಿತ್ರ ಕೊಟ್ಟು ಇದನ್ನ ತಗೊಂಡ್ರಂತೆ ಅಂತಾನೂ ಕೇಳಿರ್ತೀರ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಸ್ವಲ್ಪ ಸ್ವಲ್ಪ ತಪ್ಪೂ ಇದೆ. ಅದಕ್ಕೇ ಒಂದು ಸಲ ಮೊದಲಿಂದ ಹೇಳಿಬಿಡ್ತೀನಿ.

ಫಿರ್ದೌಸಿ ಅನ್ನೋ ಪಾರ್ಸಿ ಕವಿ ಶಾಹನಾಮೆ ಕಾವ್ಯವನ್ನ ಮುಗಿಸಿದ್ದು ಸುಮಾರು 1010ರಲ್ಲಿ, ಖುರಾಸಾನ್ ಸೀಮೆಯ ತೂಸ್ ಊರಿನವನು, ಹತ್ತಿರ ಹತ್ತಿರ 50,000 ದ್ವಿಪದಿ. ಲೋಕದ ಮೊದಲ ರಾಜನಿಂದ ಹಿಡಿದು ಅರಬರು ಇರಾನನ್ನ ಗೆಲ್ಲೋವರೆಗಿನ ರಾಜರ ಕಥೆ. ನಮ್ಮಲ್ಲಿ ಗಮಕಿಗಳು ಕಾವ್ಯ ಹಾಡಿ ಅರ್ಥ ಹೇಳೋ ಹಾಗೆ ಅಲ್ಲಿ ನಕ್ಕಾಲರು ಅಂತ ಇರ್ತಾರೆ, ಚಹಾ ಅಂಗಡಿಗಳಲ್ಲಿ ನಿಂತು ರುಸ್ತುಂ ಸೊಹ್ರಾಬರ ಕಥೆಯನ್ನ ಕೈ ಬೀಸಿ, ದನಿ ಏರಿಸಿ ಹೇಳ್ತಾರೆ, ಓದು ಬರಹ ಬರದವರಿಗೂ ಆ ಸಾಲುಗಳು ಬಾಯಲ್ಲಿರುತ್ತೆ. ಅಂದಹಾಗೆ ನಮಗೂ ಈ ಕಾವ್ಯ ತೀರಾ ಹೊರಗಿಂದಲ್ಲ. ಕಲಬುರಗಿ, ಬೀದರ್‌ನಿಂದ ಆಳಿದ ಬಹಮನಿ ಸುಲ್ತಾನರು ತಾವು ಬಹ್ಮನ್ ವಂಶದವರು ಅಂತ ಹೇಳ್ಕೊಂಡ್ರಲ್ಲ, ಆ ಬಹ್ಮನ್ ಇದೇ ಶಾಹನಾಮೆಯಲ್ಲಿ ಬರೋ ಇಸ್ಫಂದಿಯಾರನ ಮಗ. ಮೊದಲ ಬಹಮನಿ ಸುಲ್ತಾನನ ಆಶ್ರಯದಲ್ಲಿ ಇಸಾಮಿ ಅನ್ನೋ ಕವಿ 1350ರಲ್ಲಿ ಶಾಹನಾಮೆಯ ಮಾದರಿಯಲ್ಲೇ ಒಂದು ಪಾರ್ಸಿ ಚರಿತ್ರೆ ಕಾವ್ಯ ಬರೆದು ಮುಗಿಸಿದ್ದ.

ಕಾವ್ಯ ಹುಟ್ಟಿ ಮುನ್ನೂರು ವರ್ಷದ ಮೇಲೆ, ಮಂಗೋಲರ ಕಾಲದಲ್ಲಿ, ಚಿತ್ರ ಹಾಕಿದ ಪ್ರತಿಗಳು ಶುರುವಾದ್ವು (ನಮ್ಮ ಕೈಗೆ ಉಳಿದಿರೋದರಲ್ಲಿ ಹಳೇದು ಅವೇ). ಆಮೇಲೆ ಅದು ರಾಜರ ಪದ್ಧತಿನೇ ಆಗಿಹೋಯ್ತು, ಸಿಂಹಾಸನ ಏರಿದವರು ತಮ್ಮದೂ ಒಂದು ಶಾಹನಾಮೆ ಬರೆಸಬೇಕು. ಶೀರಾಜ್, ಹೆರಾತ್, ತಬ್ರೀಜ್, ಒಂದೊಂದು ಊರಿಗೂ ಒಂದೊಂದು ಶೈಲಿ.

ನಾವು ಮಾತಾಡ್ತಿರೋ ಪುಸ್ತಕ ತಬ್ರೀಜ್‌ನದ್ದು. 1520ರ ದಶಕದಲ್ಲಿ ಇರಾನ್ ಆಳ್ತಿದ್ದ ಸಫವಿ ವಂಶದ ಶಾಹ್ ಇಸ್ಮಾಯಿಲ್ ಕಾಲದಲ್ಲೇ ಕೆಲಸ ಶುರುವಾಯ್ತು ಅಂತ ವಿದ್ವಾಂಸರ ಅಂದಾಜು, ಮಗ ತಹ್ಮಾಸ್ಪ್ 1524ರಲ್ಲಿ ಹತ್ತು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದ, ಪುಸ್ತಕ ಅವನ ಹೆಸರಲ್ಲೇ ಉಳೀತು. 759 ಹಾಳೆ, 258 ಚಿತ್ರ, ಒಂದೊಂದು ಹಾಳೆ ಸುಮಾರು 47 ಸೆಂಟಿಮೀಟರ್ ಎತ್ತರ, 32 ಅಗಲ. ಕಿತಾಬ್‌ಖಾನಾ ಅಂತ ಅರಮನೆಯೊಳಗೇ ಒಂದು ಕೆಲಸದ ಮನೆ ಇರ್ತಿತ್ತು, ಹಾಳೆ ಉಜ್ಜಿ ಮೆರುಗು ಕೊಡೋರು, ಗೆರೆ ಹಾಕೋರು, ನಸ್ತಾಲಿಕ್ ಲಿಪಿಯಲ್ಲಿ ಬರೆಯೋರು, ಚಿನ್ನದ ಕೆಲಸದವರು, ಚಿತ್ರಗಾರರು, ಕೊನೆಗೆ ಹೊಲಿಗೆ ಹಾಕಿ ಚರ್ಮದ ಹೊದಿಕೆ ಕಟ್ಟೋರು. ನೀಲಿ ಬಣ್ಣಕ್ಕೆ ಬದಖ್ಶಾನಿನ ಗಣಿಯಿಂದ ಬಂದ ಲಾಜವರ್ದ ಕಲ್ಲನ್ನ ಅರೆದು ಸೋಸಬೇಕು. ಇಂಥ ಚಿತ್ರಗಳಲ್ಲಿ ನದಿ, ತೊರೆ ಬರೋ ಕಡೆ ನಿಜವಾದ ಬೆಳ್ಳಿ ಹಚ್ತಿದ್ರು, ಅದು ಈಗ ಕಪ್ಪಾಗಿರುತ್ತೆ, ಮೊದಲ ಸಲ ನೋಡೋರು ಕೊಚ್ಚೆ ನೀರು ಬರೆದಿದ್ದಾರೆ ಅಂದ್ಕೊಳ್ತಾರೆ, ಆದರೆ ಬರೆದ ಹೊತ್ತಲ್ಲಿ ಅದು ಫಳಫಳ ಹೊಳೀತಿತ್ತು.

ಇದರಲ್ಲಿ ಎಲ್ಲರೂ ಹೇಳೋ ಒಂದು ಚಿತ್ರ ಇದೆ, ಸುಲ್ತಾನ್ ಮುಹಮ್ಮದ್ ಅನ್ನೋ ಹಿರಿಯ ಕಲಾವಿದನದು, ಗಯೂಮರ್ಸನ ಆಸ್ಥಾನ. ಗಯೂಮರ್ಸ್ ಅಂದರೆ ಲೋಕದ ಮೊದಲ ರಾಜ, ಇನ್ನೂ ಬಟ್ಟೆ ನೇಯೋದು ಗೊತ್ತಿಲ್ಲ, ಬೆಟ್ಟದ ಮೇಲೆ ಚಿರತೆ ಚರ್ಮ ಉಟ್ಕೊಂಡು ಕೂತಿದ್ದಾನೆ, ಒಂದು ಪಕ್ಕ ಮಗ ಸಿಯಾಮಕ್, ಇನ್ನೊಂದು ಪಕ್ಕ ಮೊಮ್ಮಗ ಹುಶಂಗ್, ಸುತ್ತ ಜನ, ಕಾಲ ಬುಡದಲ್ಲಿ ಮೃಗಗಳು ಸಾಧುವಾಗಿ ಮಲಗಿವೆ. ಸುಮ್ಮನೆ ನೋಡಿದರೆ ಬೆಟ್ಟ, ಬಂಡೆ. ಕಣ್ಣು ಹತ್ತಿರ ತಂದು ನೋಡ್ತಾ ಹೋದರೆ ಆ ಬಂಡೆಗಳೊಳಗೆ ಮುಖಗಳು ಕಾಣೋಕೆ ಶುರುವಾಗುತ್ತೆ, ಮನುಷ್ಯರದು, ಪ್ರಾಣಿಗಳದು, ಒಂದರ ಬೆನ್ನಿಗೆ ಒಂದು. ಮಗ ಸಿಯಾಮಕ್ ಇನ್ನು ಸ್ವಲ್ಪ ಹೊತ್ತಲ್ಲೇ ರಾಕ್ಷಸನ ಕೈಲಿ ಸಾಯ್ತಾನೆ, ಅದು ಕಥೆ ಗೊತ್ತಿರೋರಿಗೆ ಗೊತ್ತು, ತಂದೆ ಮಗನ ಕಡೆ ನೋಡೋ ನೋಟದಲ್ಲಿ ನನಗಂತೂ ಅದು ಆಗಲೇ ಕಾಣುತ್ತೆ. ಇದೇ ಪುಸ್ತಕಕ್ಕೆ ಕೆಲಸ ಮಾಡಿದ ದೋಸ್ತ್ ಮುಹಮ್ಮದ್ 1544ರ ಹೊತ್ತಿಗೆ ಬರೆದ ಒಂದು ಮುನ್ನುಡಿಯಲ್ಲಿ ಚಿರತೆ ಚರ್ಮದವರ ಈ ಚಿತ್ರದ ಮುಂದೆ ಎಂತೆಂಥ ಧೀರ ಕಲಾವಿದರೂ ತಲೆ ತಗ್ಗಿಸ್ತಾರೆ ಅನ್ನೋ ಅರ್ಥದ ಮಾತು ಹೇಳಿದ್ದಾನೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು, ಮುಂದಿನದೆಲ್ಲಾ ಅದರ ಮೇಲೇ ನಿಂತಿದೆ. ಮಿನಿಯೇಚರ್ ಅಂದಕೂಡಲೇ ನಾವು ಗೋಡೆಗೆ ಹಾಕೋ ಸಣ್ಣ ಚಿತ್ರ ಅಂದ್ಕೊಳ್ತೀವಿ. ಇವು ಗೋಡೆಗೆ ಬರೆದಿದ್ದಲ್ಲ. ಪುಟದಲ್ಲಿ ನಾಲ್ಕು ಕಾಲಂನಲ್ಲಿ ಪದ್ಯ ಹರೀತಿರುತ್ತೆ, ಕಥೆ ಯಾವ ಸಾಲಿಗೆ ಬಂದಾಗ ಚಿತ್ರ ಬರಬೇಕು ಅನ್ನೋದು ಮೊದಲೇ ನಿರ್ಧಾರ, ಚಿತ್ರದ ಚೌಕಟ್ಟಿನೊಳಗೇ ನಾಲ್ಕಾರು ದ್ವಿಪದಿಗೆ ಜಾಗ ಬಿಟ್ಟಿರ್ತಾರೆ, ಆ ಸಾಲು ಓದಿ ಕಣ್ಣು ಕೆಳಗಿಳಿಸಿದರೆ ಅದೇ ಗಳಿಗೆ ಎದುರಿಗೆ. ಪುಟ ತಿರುವಿದರೆ ಕಥೆ ಮುಂದಕ್ಕೆ. ಹಾಳೆಯ ಒಂದು ಬದಿ ಚಿತ್ರ, ಇನ್ನೊಂದು ಬದಿ ಬರಹ, ಅಥವಾ ಎರಡೂ ಬದಿ ಚಿತ್ರ. ಅದನ್ನ ಫ್ರೇಮ್‌ಗೆ ಹಾಕಿದ ದಿನ ಒಂದು ಬದಿ ಮುಚ್ಚಿಹೋಗುತ್ತೆ.

ಈ ಪುಸ್ತಕ ಬರೆದ ಕೈಗಳಲ್ಲಿ ಇಬ್ಬರು ನಮ್ಮ ಕಡೆ ಬಂದ್ರು. ತಹ್ಮಾಸ್ಪ್‌ಗೆ ವಯಸ್ಸಾಗ್ತಾ ಚಿತ್ರಕಲೆ ಮೇಲಿನ ಆಸೆ ಕಮ್ಮಿಯಾಗ್ತಾ ಬಂತು, ಅದೇ ಹೊತ್ತಿಗೆ ರಾಜ್ಯ ಕಳ್ಕೊಂಡು ಅವನ ಆಸ್ಥಾನಕ್ಕೆ ಹೋಗಿದ್ದ ಹುಮಾಯೂನ್ ಅಲ್ಲಿನ ಕಲಾವಿದರನ್ನ ಕರೆದ. ಮೀರ್ ಸಯ್ಯಿದ್ ಅಲಿ, ಅಬ್ದುಸ್ ಸಮದ್ 1549ರಲ್ಲಿ ಕಾಬೂಲ್‌ಗೆ, ಆಮೇಲೆ ದಿಲ್ಲಿಗೆ ಬಂದ್ರು, ಮೊಘಲ್ ಚಿತ್ರಶಾಲೆ ಕಟ್ಟಿದವರೇ ಅವರು. ಅಕ್ಬರನ ಕಾಲದಲ್ಲಿ ಅವರ ಮುಂದಾಳತ್ವದಲ್ಲಿ ಹಂಜಾನಾಮೆ ಅನ್ನೋ ಸಾಹಸ ಕಥೆಗಳ ಪುಸ್ತಕಕ್ಕೆ ಸುಮಾರು 1,400 ದೊಡ್ಡ ಚಿತ್ರ ಆಯ್ತು, ಈಗ ಉಳಿದಿರೋದು ಇನ್ನೂರರ ಒಳಗೆ. 1881ರಲ್ಲಿ ಲಂಡನ್ ಮ್ಯೂಸಿಯಂಗೆ ಸಾಮಾನು ಖರೀದಿಸೋಕೆ ಬಂದ ಅಧಿಕಾರಿಗೆ ಅದರ ಕೆಲವು ಹಾಳೆ ಸಿಕ್ಕಿದ್ದು ಶ್ರೀನಗರದಲ್ಲಿ, ಗಾಳಿ ಬರದ ಹಾಗೆ ಕಿಟಕಿಗೆ ಹಾಕಿದ್ರು.

ಮುಂದಿನ ಮುನ್ನೂರೈವತ್ತು ವರ್ಷ ಬೇಗ ಹೇಳಬಹುದು. 1568ರಲ್ಲಿ ತಹ್ಮಾಸ್ಪ್ ಈ ಪುಸ್ತಕವನ್ನ ಹೊಸದಾಗಿ ಪಟ್ಟಕ್ಕೆ ಬಂದ ಟರ್ಕಿಯ ಉಸ್ಮಾನಿ ಸುಲ್ತಾನ ಎರಡನೇ ಸಲೀಮನಿಗೆ ಉಡುಗೊರೆ ಕಳಿಸಿದ, ಒಂಟೆಗಳ ಮೇಲೆ ಉಡುಗೊರೆ ಹೊತ್ತ ರಾಯಭಾರಿಗಳ ಸವಾರಿ ಎದಿರ್ನೆ ಪಟ್ಟಣಕ್ಕೆ ಹೋಯ್ತು. ದಶಕಗಳ ಕಾಲ ಕಾದಾಡಿದ ಎರಡು ರಾಜ್ಯಗಳ ನಡುವಿನ ಸ್ನೇಹದ ಕಾಣಿಕೆ, ಅಂದರೆ ಕದ್ದದ್ದೂ ಅಲ್ಲ, ದೋಚಿದ್ದೂ ಅಲ್ಲ. ಅಲ್ಲಿ ಜೋಪಾನವಾಗಿತ್ತು. 1800ರ ಹೊತ್ತಿಗೆ ಅರಮನೆಯ ಅಧಿಕಾರಿಯೊಬ್ಬರು ಪ್ರತಿ ಚಿತ್ರದ ಎದುರಿಗೂ ಟರ್ಕಿ ಭಾಷೆಯಲ್ಲಿ ವಿವರಣೆ ಬರೆದು ಚೀಟಿ ಸೇರಿಸಿದ್ರು, ಅಂದರೆ ಆಗಲೂ ಅದನ್ನ ಓದ್ತಿದ್ರು. 1903ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಅದು ಬ್ಯಾರನ್ ಎಡ್ಮಂಡ್ ದ ರಾಥ್‌ಚೈಲ್ಡ್ ಅವರದಾಗಿತ್ತು, ಆಗಲೂ ಪೂರ್ತಿ ಪುಸ್ತಕ.

ಆ ಕಾಲದ ಪ್ಯಾರಿಸ್ ಬಗ್ಗೆ ಒಂದು ಮಾತು. ಯುರೋಪ್‌ನಲ್ಲಿ ಪಾರ್ಸಿ ಚಿತ್ರಗಳ ಹುಚ್ಚು ಹತ್ತಿದ ದಿನಗಳು ಅವು. 1330ರ ದಶಕದ ಇನ್ನೊಂದು ಶಾಹನಾಮೆ, ಮಂಗೋಲರ ಕಾಲದ ದೊಡ್ಡ ಪ್ರತಿ, 1910ರ ಆಸುಪಾಸು ಅಲ್ಲಿನ ವ್ಯಾಪಾರಿ ಡೆಮೊಟ್ ಅವರ ಕೈಗೆ ಬಂತು. ಇಡೀ ಪುಸ್ತಕಕ್ಕೆ ಗಿರಾಕಿ ಸಿಗಲಿಲ್ಲ, ಬಿಡಿ ಹಾಳೆಗೆ ಸಿಕ್ಕರು. ಎರಡೂ ಬದಿ ಚಿತ್ರ ಇದ್ದ ಹಾಳೆಗಳನ್ನ ಈರುಳ್ಳಿ ಪದರದ ಹಾಗೆ ಸೀಳಿ ಎರಡು ಮಾಡಿದ್ರು, ಖಾಲಿಯಾದ ಬೆನ್ನಿಗೆ ಬೇರೆ ಪುಟದ ಬರಹ ಅಂಟಿಸಿದ್ರು. ಈಗ ಉಳಿದ ಐವತ್ತೇಳು ಐವತ್ತೆಂಟು ಚಿತ್ರಗಳನ್ನ ಸರಿಯಾದ ಕ್ರಮಕ್ಕೆ ತರೋಕೆ ವಿದ್ವಾಂಸರು ವರ್ಷಗಟ್ಟಲೆ ಒದ್ದಾಡಿದ್ದಾರೆ, ಎದುರಿಗಿನ ಪದ್ಯ ಒಂದು, ಚಿತ್ರ ಇನ್ನೊಂದು. ಬಿಡಿ ಬಿಡಿಯಾಗಿ ಮಾರಿದರೆ ಹೆಚ್ಚು ದುಡ್ಡು ಅನ್ನೋ ಲೆಕ್ಕಾಚಾರ ಮಾರ್ಕೆಟ್‌ಗೆ ಆಗಿಂದಲೇ ಗೊತ್ತಿತ್ತು ಅಂತ ತೋರಿಸೋಕೆ ಇದನ್ನ ಹೇಳಿದ್ದು.

ತಹ್ಮಾಸ್ಪನ ಪುಸ್ತಕಕ್ಕೆ ಬರೋಣ. 1959ರಲ್ಲಿ ಅದನ್ನ ಅಮೆರಿಕದ ಆರ್ಥರ್ ಹೌಟನ್ ಕೊಂಡ್ರು, ಗಾಜಿನ ಉದ್ಯಮದ ಮನೆತನ, ಅಪರೂಪದ ಪುಸ್ತಕ ಕೂಡಿಡೋದರಲ್ಲಿ ದೊಡ್ಡ ಹೆಸರು, ಹಾರ್ವರ್ಡ್‌ನಲ್ಲಿ ಅವರ ಹೆಸರಿನ ಲೈಬ್ರರಿನೇ ಇದೆ. ಹಾರ್ವರ್ಡ್ ವಿದ್ವಾಂಸರು ಇದರ ಮೇಲೆ ದೊಡ್ಡ ಅಧ್ಯಯನ ಮಾಡಿ ಪ್ರಕಟಿಸೋದು ಅಂತ ಯೋಜನೆ ಆಯ್ತು. ಈ ವರ್ಷಗಳಲ್ಲೇ ಪುಸ್ತಕದ ಹೊಲಿಗೆ ಬಿಚ್ಚಿತು. ಹೊಲಿಗೆ ಬಿಚ್ಚಿದ ಮೇಲೆ ಹಾಳೆಗಳು ಹಾಳೆಗಳಾದ್ವು, ನನ್ನ ಪ್ರಕಾರ ಇಡೀ ಕಥೆಯಲ್ಲಿ ತಿರುಗಿ ಬರಲಾಗದ ಹೆಜ್ಜೆ ಅದೊಂದೇ, ಉಳಿದಿದ್ದೆಲ್ಲಾ ಅದರ ಹಿಂದೆ ಬಂದಿದ್ದು. 1970ರಲ್ಲಿ 78 ಚಿತ್ರ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ದಾನವಾಗಿ ಹೋಯ್ತು, 1972ರಲ್ಲಿ ಅಲ್ಲಿ ಪ್ರದರ್ಶನ, ಜನ ಮುಗಿಬಿದ್ದು ನೋಡಿದ್ರು. ಉಳಿದಿದ್ದನ್ನ ಮಾರೋ ಪ್ರಸ್ತಾಪ ಇರಾನಿನ ಶಾಹ್ ಸರ್ಕಾರದ ಮುಂದೂ ಹೋಗಿತ್ತು, ವ್ಯವಹಾರ ಕುದುರಲಿಲ್ಲ. 1976ರ ನವೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಏಳು ಹಾಳೆ ಹರಾಜಾಯ್ತು. ಆಮೇಲೆ ಗ್ಯಾಲರಿಗಳ ಮೂಲಕ ಇನ್ನಷ್ಟು, 1988ರಲ್ಲಿ ಮತ್ತೆ ಹರಾಜಿನಲ್ಲಿ 14. ವಿದ್ವಾಂಸರ ಆ ದೊಡ್ಡ ಎರಡು ಸಂಪುಟ ಹೊರಬಂದಿದ್ದು 1981ರಲ್ಲಿ, ಅಷ್ಟರಲ್ಲಿ ಅವರು ಯಾವ ಪುಸ್ತಕದ ಬಗ್ಗೆ ಬರೆದ್ರೋ ಅದು ಪುಸ್ತಕವಾಗಿ ಉಳಿದಿರಲಿಲ್ಲ.

ಸ್ವಂತ ಆಸ್ತಿ, ಕಾನೂನಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ, ಇದನ್ನ ಒಪ್ಪಬೇಕು. ಹಾಳೆಗಳು ಬೇರೆ ಬೇರೆ ಊರಿಗೆ ಹೋಗಿದ್ದರಿಂದಲೇ ಇವತ್ತು ಲಕ್ಷಾಂತರ ಜನ ನೋಡೋಕೆ ಸಾಧ್ಯವಾಯ್ತು ಅನ್ನೋ ವಾದವೂ ಇದೆ, ಒಬ್ಬರ ಕಪಾಟಿನಲ್ಲಿ ಬೀಗ ಹಾಕಿದ್ದರೆ ಯಾರಿಗೆ ಏನು ಸಿಗ್ತಿತ್ತು ಅಂತ. ಆದರೆ ನೋಡೋದು ಅಂದರೆ ಎಷ್ಟು? ಇಂಥ ಬಣ್ಣ, ಕಾಗದ ಬೆಳಕು ತಡೆಯಲ್ಲ, ಮ್ಯೂಸಿಯಂಗಳು ಕೆಲವು ತಿಂಗಳು ಹೊರಗಿಟ್ಟು ಮತ್ತೆ ವರ್ಷಗಟ್ಟಲೆ ಕತ್ತಲೆ ಕೋಣೆಗೆ ಕಳಿಸ್ತಾರೆ. ಖಾಸಗಿ ಸಂಗ್ರಹಕ್ಕೆ ಹೋದದ್ದು ಮುಂದಿನ ಹರಾಜಿನ ತನಕ ಕಣ್ಣಿಗೇ ಬೀಳಲ್ಲ.

ಹೌಟನ್ 1990ರಲ್ಲಿ ತೀರಿಕೊಂಡ್ರು. ಆಗ ಅವರ ಕಡೆ ಉಳಿದಿದ್ದು 118 ಚಿತ್ರ, ಚಿತ್ರ ಇಲ್ಲದ ಬರಹದ ಹಾಳೆಗಳು, ಚರ್ಮದ ಹೊದಿಕೆ. ಅದೇ ಹೊತ್ತಲ್ಲಿ ತೆಹ್ರಾನಿನ ಸಮಕಾಲೀನ ಕಲಾ ಮ್ಯೂಸಿಯಂನ ಉಗ್ರಾಣದಲ್ಲಿ, 1979ರ ಕ್ರಾಂತಿಗೆ ಮುಂಚೆ ರಾಣಿ ಫರಾಹ್ ಕಾಲದಲ್ಲಿ ಕೊಂಡಿದ್ದ ಅಮೆರಿಕದ ಕಲಾವಿದ ವಿಲೆಮ್ ದ ಕೂನಿಂಗ್ ಅವರ ಒಂದು ಚಿತ್ರ ಇತ್ತು, 1953ರದು, ವುಮನ್ 3 ಅಂತ, ನಗ್ನ ಹೆಣ್ಣಿನ ಆಕಾರ. ಹೊಸ ಆಡಳಿತದಲ್ಲಿ ಅದನ್ನ ಗೋಡೆಗೆ ಹಾಕೋ ಹಾಗಿರಲಿಲ್ಲ. ಮಾತುಕತೆ ನಡೆದು, 1994ರ ಜುಲೈನಲ್ಲಿ ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಅದಲು ಬದಲು ಆಯ್ತು, ದುಡ್ಡಿನ ವ್ಯವಹಾರ ಅಲ್ಲ, ವಿಮಾನಗಳ ಪಕ್ಕ ನಿಂತು ಇದು ನಿಮಗೆ ಅದು ನಮಗೆ. ನಾಲ್ಕು ಶತಮಾನದ ಮೇಲೆ ಪುಸ್ತಕದ ಅರ್ಧದಷ್ಟು ಚಿತ್ರ ಇರಾನಿಗೆ ವಾಪಸ್ ಬಂತು. 2006ರಲ್ಲಿ ಆ ವುಮನ್ 3 ಖಾಸಗಿಯಾಗಿ 13.75 ಕೋಟಿ ಡಾಲರ್‌ಗೆ ಮಾರಾಟವಾದಾಗ ಇರಾನ್ ಮೋಸ ಹೋಯ್ತು ಅಂತ ಗಲಾಟೆ ಎದ್ದಿತು. ಆದರೆ ಹಾಗೆ ಲೆಕ್ಕ ಹಾಕೋದೇ ಸರಿ ಇಲ್ಲ ಅನ್ನಿಸುತ್ತೆ ನನಗೆ, ಯಾಕಂದರೆ ಒಂದೊಂದೇ ಹಾಳೆ ಲೆಕ್ಕದಲ್ಲಿ ಗುಣಿಸಿ ನೋಡಿದರೆ ಆ 118ಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತೆ, ಆದರೆ ಹಾಗೆ ಗುಣಿಸೋಕೆ ಹೋಗಿದ್ದರಿಂದಲೇ ತಾನೇ ಪುಸ್ತಕ ಈ ಸ್ಥಿತಿಗೆ ಬಂದಿದ್ದು.

ಈಗಿನ ಲೆಕ್ಕ ಹೀಗಿದೆ: ತೆಹ್ರಾನ್‌ನಲ್ಲಿ 118, ನ್ಯೂಯಾರ್ಕ್‌ನಲ್ಲಿ 78, ಮಿಕ್ಕ ಅರವತ್ತು ಚಿಲ್ಲರೆ ಜಗತ್ತಿನ ಬೇರೆ ಬೇರೆ ಮ್ಯೂಸಿಯಂ ಮತ್ತು ಖಾಸಗಿ ಮನೆಗಳಲ್ಲಿ. ಮೆಟ್ರೊಪಾಲಿಟನ್‌ನವರು 2011ರಲ್ಲಿ ಎಲ್ಲಾ 258 ಚಿತ್ರವನ್ನ ಕ್ರಮವಾಗಿ ಒಂದೇ ಪುಸ್ತಕದಲ್ಲಿ ಅಚ್ಚು ಹಾಕಿದ್ರು, ಬಹಳ ಒಳ್ಳೆ ಕೆಲಸ. ಅವರ ಹತ್ತಿರ ಇರೋ ಹಾಳೆಗಳನ್ನ ಅವರ ವೆಬ್‌ಸೈಟಲ್ಲೇ ಜೂಮ್ ಮಾಡಿ ನೋಡಬಹುದು, 1970.301 ಅಂತ ಹುಡುಕಿದರೆ ಬರುತ್ತೆ, ಪ್ರತಿ ಚಿತ್ರದ ಜೊತೆ ಹಾಳೆಯ ನಂಬರ್ ಇರುತ್ತೆ, ಅದನ್ನ ಗಮನಿಸಿ. ಗಯೂಮರ್ಸನ ಆಸ್ಥಾನ 20ನೇ ಹಾಳೆಯ ಹಿಂಬದಿ. ಅದೇ ಮೊಮ್ಮಗ ಹುಶಂಗ್ ದೊಡ್ಡವನಾಗಿ, ಹಾವಿಗೆ ಹೊಡೆಯೋಕೆ ಕಲ್ಲೆಸೆದು ಕಿಡಿ ಹಾರಿ, ಲೋಕಕ್ಕೆ ಮೊದಲ ಸಲ ಬೆಂಕಿ ಸಿಕ್ಕ ಖುಷಿಗೆ ಮಾಡೋ ಸದೆ ಹಬ್ಬದ ಚಿತ್ರ 22ನೇ ಹಾಳೆಯ ಹಿಂಬದಿ, ಅದೂ ಸುಲ್ತಾನ್ ಮುಹಮ್ಮದನದ್ದೇ. ಅಜ್ಜನ ಚಿತ್ರದಿಂದ ಮೊಮ್ಮಗನ ಚಿತ್ರಕ್ಕೆ ಎರಡು ಸಲ ಹಾಳೆ ತಿರುವಿದರೆ ಸಾಕಿತ್ತು. ಈಗ ಅಜ್ಜ ಟೊರೊಂಟೊದ ಆಗಾ ಖಾನ್ ಮ್ಯೂಸಿಯಂನಲ್ಲಿದ್ದಾನೆ, ಮೊಮ್ಮಗನ ಬೆಂಕಿ ನ್ಯೂಯಾರ್ಕ್‌ನಲ್ಲಿ.