‘ವಿ’ ಸೀಸೆ ಖಾಲಿಯಾದ ಮೇಲೆ

‘ಟ್ರೂ ಬ್ಲಡ್’ ಧಾರಾವಾಹಿಯಲ್ಲಿ ರಕ್ತಪಿಶಾಚಿಗಳು ಮನುಷ್ಯರ ರಕ್ತ ಹೀರುವುದಕ್ಕಿಂತ ಮನುಷ್ಯರು ರಕ್ತಪಿಶಾಚಿಗಳ ರಕ್ತ ಕದಿಯುವುದೇ ನನಗೆ ಹೆಚ್ಚು ಹಿಡಿಸಿತು. 2008ರಿಂದ 2014ರವರೆಗೆ ಎಚ್‌ಬಿಒ ವಾಹಿನಿಯಲ್ಲಿ ಬಂದ ಈ ಕಥೆ ನಡೆಯುವುದು ಅಮೆರಿಕದ ಲೂಯಿಸಿಯಾನಾದಲ್ಲಿ, ಬಾನ್ ಟೆಂಪ್ಸ್ ಎಂಬ ಕಲ್ಪನೆಯ ಊರಲ್ಲಿ. ಅಲ್ಲಿ ಪಿಶಾಚಿ ರಕ್ತಕ್ಕೆ ‘ವಿ’ ಎಂದು ಹೆಸರು. ನಾಲಿಗೆಗೆ ಒಂದು ಹನಿ ಬಿದ್ದರೆ ಸಾಕು, ಬಣ್ಣಗಳು ಹೊಳೆಯುತ್ತವೆ, ಮೈಗೆ ಕಸುವು ಬರುತ್ತದೆ, ಕಾಮ ಕೆರಳುತ್ತದೆ, ಗಾಯ ಮಾಯುತ್ತದೆ.

ಮೊದಲ ಸೀಸನ್ನಿನಲ್ಲೇ ಅಣ್ಣ-ತಂಗಿ ಇಬ್ಬರೂ ಇದನ್ನು ಕುಡಿಯುತ್ತಾರೆ. ಹೊಡೆತ ತಿಂದು ಸಾಯುವಂತಾಗಿದ್ದ ಕಥಾನಾಯಕಿ ಸೂಕಿಗೆ ಬಿಲ್ ಎಂಬ ಪಿಶಾಚಿ ತನ್ನ ರಕ್ತ ಕುಡಿಸಿ ಬದುಕಿಸುತ್ತಾನೆ. ಅವಳ ಅಣ್ಣ ಜೇಸನ್ ಅಡುಗೆಯವ ಲಾಫಯೆಟ್‌ನಿಂದ ‘ವಿ’ ಕೊಂಡು, ಹನಿ ಲೆಕ್ಕದಲ್ಲಿ ತಗೋ ಅಂದರೂ ಕೇಳದೆ ಸೀಸೆಯನ್ನೇ ಬರಿದು ಮಾಡಿ ಆಸ್ಪತ್ರೆ ಸೇರುತ್ತಾನೆ. ಅಷ್ಟಾದರೂ ಬಿಡುವುದಿಲ್ಲ. ಕೊನೆಗೆ ಗೆಳತಿ ಏಮಿಯ ಜೊತೆ ಸೇರಿ ಎಡ್ಡಿ ಎಂಬ ಪಾಪದ ಪಿಶಾಚಿಯನ್ನು ಹಿಡಿದು ತಂದು ನೆಲಮಾಳಿಗೆಯಲ್ಲಿ ಕಟ್ಟಿಹಾಕುತ್ತಾನೆ. ಒಂದೇ ರಕ್ತ ತಂಗಿಗೆ ಔಷಧಿ, ಅಣ್ಣನಿಗೆ ಚಟ. ಕಥೆಗಾರರು ಇದನ್ನು ಸ್ವಭಾವದ ವ್ಯತ್ಯಾಸ ಎಂಬಂತೆ ತೋರಿಸುತ್ತಾರೆ. ದೇಹವಿಜ್ಞಾನ ಮೊದಲು ಕೇಳುವುದು ಬೇರೆಯದನ್ನೇ: ಎಷ್ಟು ಸಲ ಕುಡಿದರು?

ಹಗ್ಗಜಗ್ಗಾಟ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆಚೆಯವರು ಎಳೆದಷ್ಟೂ ನೀವು ಹಿಮ್ಮಡಿ ಊರಿ ಹಿಂದಕ್ಕೆ ವಾಲುತ್ತೀರಿ. ಅವರು ದಿಢೀರನೆ ಹಗ್ಗ ಬಿಟ್ಟರೆ ಬೀಳುವುದು ನೀವು, ಅದೂ ಹಿಂದಕ್ಕೆ. ದಿನವೂ ಒಂದೇ ಕಡೆಗೆ ಎಳೆಯುವ ವಸ್ತು ಒಳಗೆ ಬರುತ್ತಿದ್ದರೆ ದೇಹವೂ ಹೀಗೆ ಎದುರು ದಿಕ್ಕಿಗೆ ವಾಲಿ ನಿಲ್ಲುತ್ತದೆ. ಆ ವಸ್ತು ನಿಂತಾಗ ನಮ್ಮನ್ನು ಕೆಡವುವುದು ದೇಹದ ಆ ವಾಲುವಿಕೆಯೇ. ಹಾಗಾಗಿ ಬಿಟ್ಟಾಗಿನ ಬಾಧೆ ಸಾಮಾನ್ಯವಾಗಿ ಅಮಲಿನ ತಿರುವುಮುರುವು. ಮಾರ್ಫೀನ್ ನೋವು ಮರೆಸುತ್ತದೆ, ಮಲ ಕಟ್ಟಿಸುತ್ತದೆ, ಕಣ್ಣಿನ ಪಾಪೆಯನ್ನು ಸೂಜಿಮೊನೆಯಷ್ಟು ಕುಗ್ಗಿಸುತ್ತದೆ. ಬಿಟ್ಟವರಿಗೆ ಮೈಯೆಲ್ಲ ನೋವು, ಭೇದಿ, ಅರಳಿದ ಪಾಪೆ. ಮದ್ಯ ನರಗಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಎರಡು ಮೂರು ದಿನದಲ್ಲಿ ಭ್ರಮೆ, ಕೆಲವೊಮ್ಮೆ ಸಾವು.

ನಮ್ಮ ಮನೆಗಳ ಉದಾಹರಣೆ ಇನ್ನೂ ಸೌಮ್ಯ. ದಣಿವನ್ನು ಸಾರುವ ಅಡಿನೋಸಿನ್ ಎಂಬ ವಸ್ತುವಿಗೆ ಮಿದುಳಿನಲ್ಲಿರುವ ಬಾಗಿಲುಗಳನ್ನು ಕೆಫೀನ್ ಅಡ್ಡಗಟ್ಟುತ್ತದೆ. ಆಗ ಮಿದುಳು ಅಡಿನೋಸಿನ್‌ಗೆ ಸ್ಪಂದಿಸುವ ಶಕ್ತಿಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಕಾಫಿ ತಪ್ಪಿದ 12ರಿಂದ 24 ಗಂಟೆಗಳಲ್ಲಿ ತಲೆನೋವು ಶುರು. ಏಕಾದಶಿಯ ಉಪವಾಸದ ಮೇಲೆ ನಾವು ಹೊರಿಸುವ ಎಷ್ಟೋ ತಲೆನೋವುಗಳು ಹೊಟ್ಟೆಯವಲ್ಲ, ಫಿಲ್ಟರಿನವು. (ಏಕಾದಶಿಗೂ ಕಾಫಿ ಬಿಡದ ಜಾಣರಿಗೆ ಈ ಮಾತು ಅನ್ವಯಿಸದು.)

ಸೂಕಿ ಆಗೊಮ್ಮೆ ಈಗೊಮ್ಮೆ ಕುಡಿದವಳು. ವಾಲಿ ನಿಲ್ಲುವಷ್ಟು ಸಮಯವೇ ಅವಳ ದೇಹಕ್ಕೆ ಸಿಕ್ಕಿಲ್ಲ. ಜೇಸನ್ ಸಂಗತಿ ಬೇರೆ. ಧಾರಾವಾಹಿ ಅವನ ಹಪಾಹಪಿಯನ್ನು ಚೆನ್ನಾಗಿ ತೋರಿಸುತ್ತದೆ, ನಾಲ್ಕನೇ ಸೀಸನ್ನಿನಲ್ಲಿ ಚಟ ಹತ್ತಿದ ಪೊಲೀಸ್ ಅಧಿಕಾರಿ ಆ್ಯಂಡಿಯ ಸಿಡುಕನ್ನೂ. ಆದರೆ ಅದು ಬೀದಿಯ ಮಾದಕಗಳಿಂದ ಎರವಲು ತಂದ ನಟನೆ ಅನ್ನಿಸುತ್ತದೆ. ‘ವಿ’ ಬರೀ ಅಮಲಲ್ಲವಲ್ಲ, ಗಾಯ ಮಾಯಿಸುವ ಮದ್ದು ಕೂಡ. ಆ ತಿರುವುಮುರುವಿನ ನಿಯಮದ ಪ್ರಕಾರ ಅದು ನಿಂತಾಗ ತೋಳಿನ ಕಸುವು ಇಳಿಯಬೇಕು, ಬಣ್ಣಗಳು ಮಾಸಬೇಕು, ಸಣ್ಣ ತರಚು ಗಾಯವೂ ವಾರಗಟ್ಟಲೆ ಮಾಯದೆ ಕಾಡಬೇಕು. ಹೀಗಾಗಿ ‘ವಿ’ಗೆ ಹೆರಾಯಿನ್‌ಗಿಂತ ಹತ್ತಿರದ ನಂಟ ನಮ್ಮ ಔಷಧಿ ಅಂಗಡಿಯಲ್ಲೇ ಇದ್ದಾನೆ: ಸ್ಟೀರಾಯ್ಡ್.

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ರುಮಟಾಯ್ಡ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್ ಮತ್ತಿಬ್ಬರ ಜೊತೆ ನೊಬೆಲ್ ಪಡೆದರು. ಔಷಧಿ ಪಡೆದ ಹಲವರಲ್ಲಿ ಬರೀ ನೋವು ಹೋಗಲಿಲ್ಲ, ಕಾರಣವಿಲ್ಲದ ಉಲ್ಲಾಸವೂ ಬಂತು. ನಿಲ್ಲಿಸಿದಾಗ ಕೀಲುನೋವು ಮರಳಿತು.

ಒಳಗೆ ನಡೆದದ್ದಿಷ್ಟು. ಮೂತ್ರಪಿಂಡಗಳ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಗಳು ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂ ಕಾರ್ಟಿಸಾಲ್, ಅಂದರೆ ದೇಹದ ಸ್ವಂತ ಸ್ಟೀರಾಯ್ಡ್, ತಯಾರಿಸುತ್ತವೆ. ಹೊರಗಿನಿಂದ ವಾರಗಟ್ಟಲೆ ಸ್ಟೀರಾಯ್ಡ್ ಸುರಿದರೆ, ಮಿದುಳಿನ ಬುಡದ ಪಿಟ್ಯುಟರಿ ‘ಸಾಕಷ್ಟಿದೆ’ ಎಂದುಕೊಂಡು ಅವಕ್ಕೆ ಆದೇಶ ಕಳಿಸುವುದನ್ನೇ ಬಿಡುತ್ತದೆ. ಕೆಲಸವಿಲ್ಲದ ಗ್ರಂಥಿಗಳು ಸೊರಗುತ್ತವೆ. ಆಗ ಮಾತ್ರೆ ಒಮ್ಮೆಲೇ ನಿಂತರೆ ಸುಸ್ತು, ವಾಂತಿ, ಇಳಿದ ರಕ್ತದೊತ್ತಡ. ಮೇಲೊಂದು ಸೋಂಕೋ ಶಸ್ತ್ರಚಿಕಿತ್ಸೆಯೋ ಬಂದರೆ ಪ್ರಾಣಕ್ಕೇ ಸಂಚಕಾರ. ಗ್ರಂಥಿಗಳು ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾಗಬಹುದು. ಗಮನಿಸಿ, ಇಲ್ಲಿ ಚಟದ ಮಾತೇ ಇಲ್ಲ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗಾಗಿ ಯಾರೂ ಕಳ್ಳತನ ಮಾಡುವುದಿಲ್ಲ. ಹಂಬಲವಿಲ್ಲದೆಯೂ ದೇಹ ಅವಲಂಬಿಯಾಗುತ್ತದೆ, ಮೈಬಾಧೆ ತೀರಿ ಎಷ್ಟೋ ದಿನವಾದ ಮೇಲೂ ಹಂಬಲ ಉಳಿಯುತ್ತದೆ. ಇವೆರಡು ಬೇರೆ ಬೇರೆ ಎಂಬುದು ಬಾನ್ ಟೆಂಪ್ಸ್‌ನವರಿಗೆ ಹೊಳೆದಂತಿಲ್ಲ.

ಅದಕ್ಕೇ ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಚೀಟಿಯಲ್ಲಿ ವೈದ್ಯರು ಇಳಿಜಾರು ಬರೆಯುವುದು: ಈ ವಾರ ಇಷ್ಟು, ಮುಂದಿನ ವಾರ ಅದಕ್ಕಿಂತ ಕಡಿಮೆ, ಆಮೇಲೆ ಅರ್ಧ ಮಾತ್ರೆ. ಹಗ್ಗವನ್ನು ಗೇಣುಗೇಣಾಗಿ ಸಡಿಲಿಸಿದಂತೆ. ಜೇಸನ್ ಒಂದು ಹನಿಯನ್ನು ಅರ್ಧ ಮಾಡಿದ್ದನ್ನು ಮಾತ್ರ ನಾನು ಕಾಣೆ. ಸೀಸೆ ತುಂಬಿದ್ದಾಗ ಒಂದೇ ಗುಟುಕು, ಖಾಲಿಯಾದಾಗ ಲಾಫಯೆಟ್ ಮನೆ ಬಾಗಿಲಲ್ಲಿ ರಂಪ.