ಲೆಕ್ಕ ಹಾಕಿದರೆ ಚಿತ್ರ ತಾನಾಗೇ ಬರುತ್ತಾ?

ಪ್ರಶ್ನೆ: ಗಣಿತದ ನಿಯಮ ಇಟ್ಟುಕೊಂಡು ಅಮೂರ್ತ ಚಿತ್ರ ಬರೆಯುವವರು ಇದ್ದಾರಂತೆ. ಎಲ್ಲವನ್ನೂ ಸೂತ್ರವೇ ಮಾಡುವುದಾದರೆ ಕಲಾವಿದರಿಗೇನು ಕೆಲಸ?

ಬೆಂಗಳೂರಿನಲ್ಲಿ ಜನವರಿಯ ಚಿತ್ರಸಂತೆ ಮುಗಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕುಮಾರಕೃಪಾ ರಸ್ತೆಯಲ್ಲಿ ಚೌಕ, ತ್ರಿಕೋನಗಳ ಚಿತ್ರದ ಮುಂದೆ ನಿಂತವರು "ಇದನ್ನ ಕಂಪ್ಯೂಟರ್ ಮಾಡಿಬಿಡುತ್ತೆ ಅಲ್ವಾ?" ಅನ್ನುತ್ತಾರೆ. ಎಷ್ಟು ಹೇಳಿದರೂ ಈ ನಂಬಿಕೆ ಜಗ್ಗುವುದಿಲ್ಲ. ಈ ಸಲ ಒಂದೇ ಚಿತ್ರ ಹಿಡಿದು ಬಿಡಿಸಿ ಹೇಳುತ್ತೇನೆ.

ಫ್ರಾನ್ಸ್‌ನ ಕಲಾವಿದ ಫ್ರಾನ್ಸ್ವಾ ಮೊರೆಲ್ಲೆ 1960ರಲ್ಲಿ ಉದ್ದಕ್ಕೆ 200, ಅಡ್ಡಕ್ಕೆ 200 ಮನೆ ಗೀಚಿಕೊಂಡರು. ಒಟ್ಟು 40,000 ಚೌಕ. ಹೆಂಡತಿ, ಮಕ್ಕಳು ಟೆಲಿಫೋನ್ ಡೈರೆಕ್ಟರಿ ನೋಡಿ ನಂಬರ್ ಓದುತ್ತಾ ಹೋದರು. ಸಮ ಅಂಕಿ ಬಂದರೆ ನೀಲಿ, ಬೆಸ ಬಂದರೆ ಕೆಂಪು.

ಇದರಲ್ಲಿ ಇವರದೇನು ಅನ್ನುತ್ತೀರಾ? ನಿಧಾನವಾಗಿ ನೋಡಿ. ನಂಬರ್‌ಗಳ ಶುರುವಿನಲ್ಲಿ ಪದೇಪದೇ ಬರುವ ಅಂಕಿಗಳನ್ನು ಮೊರೆಲ್ಲೆ ಕೈಬಿಟ್ಟರು. ಯಾಕೆ ಅಂತ ತಿಳಿಯಬೇಕಾದರೆ ನಮ್ಮೂರಿನ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ತೆಗೆದುಕೊಳ್ಳಿ. ಎಂಟು ಅಂಕಿ, ಮೊದಲನೆಯದು 2. ಅದನ್ನೂ ಸೇರಿಸಿಕೊಂಡರೆ ಪ್ರತಿ ಎಂಟರಲ್ಲಿ ಒಂದು ಮನೆ ಖಾತ್ರಿ ನೀಲಿ. ಮಿಕ್ಕ ಏಳರಲ್ಲಿ ಸಮ, ಬೆಸ ಅರ್ಧರ್ಧ ಬಂದರೂ ನೀಲಿ ನೂರಕ್ಕೆ 56 ದಾಟುತ್ತದೆ. ಸಮತೂಕ ಕೆಟ್ಟಿತು. ಇನ್ನು ಬಣ್ಣ. ಹೊಳಪಿನಲ್ಲಿ ಒಂದಕ್ಕೊಂದು ಸಮನಾದ ಕೆಂಪು, ನೀಲಿಯನ್ನು ಅವರು ಬೇಕೆಂದೇ ಆರಿಸಿದರು. ಹಾಗಾಗಿ ಎರಡೂ ಜಗಳಕ್ಕೆ ಬೀಳುತ್ತವೆ, ಕಣ್ಣು ಕೋರೈಸುತ್ತದೆ. ಅದೇ ನಂಬರ್‌ಗಳಿಗೆ ತಿಳಿ ಹಳದಿ, ಕಡು ನೀಲಿ ಹಾಕಿ ನೋಡಿ. ಹಳದಿ ಗೆದ್ದುಬಿಡುತ್ತದೆ, ಜಗಳ ಮುಗಿಯುತ್ತದೆ. ಯಾವ ಡೈರೆಕ್ಟರಿಯೂ ಇದನ್ನು ಹೇಳಿಕೊಡುವುದಿಲ್ಲ. ನಿಯಮ ಅವರೇ ಮಾಡಿದ್ದು. ಅದು ಕಣ್ಣಿಗೆ ಏನು ಮಾಡುತ್ತದೆ ಎಂದು ತಿಳಿದೇ ಮಾಡಿದ್ದು.

ಕಂಪ್ಯೂಟರ್ ಮಾತೂ ಅಷ್ಟೇ. ಕಲಾವಿದೆ ವೆರಾ ಮೊಲ್ನಾರ್ 1968ರಲ್ಲಿ ಕಂಪ್ಯೂಟರ್ ಬಳಸತೊಡಗಿದರು. ಅದಕ್ಕೂ ಮೊದಲು ಇಂಥದೇ ನಿಯಮಗಳನ್ನು ಹಾಕಿಕೊಂಡು ಕೈಯಲ್ಲೇ ಮಾಡುತ್ತಿದ್ದರು.

ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ: ಮನೆ ಮುಂದಿನ ರಂಗೋಲಿಯಲ್ಲೂ ಗಣಿತ ಇದೆಯಾ? ಇದೆ, ಬೇಕಾದಷ್ಟು. ಚುಕ್ಕಿಗಳನ್ನು ಸುತ್ತಿಕೊಂಡು ಹೋಗುವ ಎಳೆ ರಂಗೋಲಿ ನೋಡಿ. ಅಕ್ಕಪಕ್ಕದ, ಮೇಲೆಕೆಳಗಿನ ಪ್ರತಿ ಎರಡು ಚುಕ್ಕಿಯ ನಡುವೆ ಎಳೆ ಒಂದನ್ನೊಂದು ದಾಟಬೇಕು ಅಂತಿಟ್ಟುಕೊಳ್ಳಿ. ಸಾಲಿಗೆ 4 ಚುಕ್ಕಿಯಂತೆ 3 ಸಾಲು ಇಟ್ಟರೆ ಇಡೀ ರಂಗೋಲಿ ಒಂದೇ ಎಳೆಯಲ್ಲಿ ಮುಗಿಯುತ್ತದೆ. 4 ಸಾಲು ಇಟ್ಟರೆ ನಾಲ್ಕು ಬೇರೆ ಬೇರೆ ಎಳೆ ಬೇಕು. ಸಾಲು ಎಷ್ಟು, ಸಾಲಿಗೆ ಚುಕ್ಕಿ ಎಷ್ಟು, ಈ ಎರಡರ ಮ.ಸಾ.ಅ. (ಎರಡನ್ನೂ ಶೇಷ ಉಳಿಯದಂತೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಎಷ್ಟೋ ಅಷ್ಟೇ ಎಳೆ! ಶಾಲೆಯಲ್ಲಿ ಸುಮ್ನೆ ಉರು ಹೊಡೆದ ಮ.ಸಾ.ಅ. ಇಲ್ಲಿ ನೆಲದ ಮೇಲೇ ಕಾಣುತ್ತದೆ. ಒಂದೇ ಎಳೆಯಲ್ಲಿ ಮುಗಿಸುವ ಆಸೆ ಇದ್ದರೆ 5ಕ್ಕೆ 5 ಬೇಡ, 5ಕ್ಕೆ 6 ಇಡಿ.