ಬೇಕನ್ ಸುತ್ತಿದ ಹಣ್ಣು: ತವಾ ಮೇಲೆ ಗರಿಗರಿ ಆಗುತ್ತಾ?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಇಪ್ಪತ್ತು ಜನ ಬರ್ತಾರೆ. ಊಟಕ್ಕೆ ಮುಂಚೆ ಕೊಡೋಕೆ ಅಂತ ಅನಾನಸ್‌ಗೆ ಬೇಕನ್ ಸುತ್ತಿ ಮಾಡಿ ನೋಡಿದೆ. ಹಣ್ಣು ನೀರು ಬಿಟ್ಟು ಬೇಕನ್ ಮೆತ್ತಗೇ ಉಳೀತು. ನಮ್ಮನೇಲಿ ಓವನ್ ಇಲ್ಲ. ತವಾ ಮೇಲೆ ಸರಿಯಾಗಿ ಮಾಡೋದು ಹೇಗೆ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ತವಾ ಮೇಲೆ ಚೆನ್ನಾಗೇ ಆಗುತ್ತೆ. ಅನಾನಸ್ ಬಿಟ್ಟು ಖರ್ಜೂರ ತಗೊಳ್ಳಿ.

ಬೇಕನ್ ಅಂದರೆ ಉಪ್ಪು ಹಾಕಿ ಹದ ಮಾಡಿದ ಹಂದಿಯ ಹೊಟ್ಟೆ ಭಾಗದ ಮಾಂಸ. ಅದರಲ್ಲಿ ಕೊಬ್ಬೇ ಜಾಸ್ತಿ. ಆ ಕೊಬ್ಬು ಕರಗಿ ಹೊರಗೆ ಬಂದು, ಮಾಂಸ ಅದರಲ್ಲೇ ಹುರಿದರೆ ಗರಿಗರಿ. ಹಣ್ಣು ನೀರು ಬಿಟ್ಟರೆ ಉರಿಯೆಲ್ಲ ಆ ನೀರು ಆರಿಸೋದಕ್ಕೇ ಹೋಗುತ್ತೆ. ನೀರಿರೋ ತನಕ ಆ ಜಾಗದ ಬಿಸಿ 100 ಡಿಗ್ರಿ ದಾಟೋದಿಲ್ಲ, ಬೇಕನ್ ಬೇಯುತ್ತೆ ಹೊರತು ಕೆಂಪಗಾಗೋದಿಲ್ಲ. ಅನಾನಸ್‌ನಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ನೀರು. ಮೆತ್ತನೆ ಖರ್ಜೂರದಲ್ಲಿ 20ರ ಆಸುಪಾಸು. ಸ್ಪೇನಿನವರು ಖರ್ಜೂರಕ್ಕೆ, ಇಂಗ್ಲೆಂಡಿನವರು ಒಣಗಿಸಿದ ಪ್ಲಮ್‌ಗೆ ಬೇಕನ್ ಸುತ್ತುವ ರೂಢಿ ಇಟ್ಟುಕೊಂಡಿದ್ದು ಸುಮ್ಮನೆ ಅಲ್ಲ. ಅನಾನಸ್ಸೇ ಬೇಕು ಅಂದರೆ ಹೋಳುಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಬರೀ ತವಾ ಮೇಲೆ ಎರಡೂ ಕಡೆ ಕೆಂಪಗೆ ಸುಟ್ಟು ಆರಿಸಿ, ಆಮೇಲೆ ಸುತ್ತಿ. ಚಿಕ್ಕು ಆದರೆ ಗಟ್ಟಿ ಇರುವಾಗಲೇ. ಬಾಳೆಹಣ್ಣು ಬೇಡವೇ ಬೇಡ, ಕಲಸಿ ಹೋಗುತ್ತೆ.

ಬೇಕನ್ ತೆಳ್ಳಗಿರೋದನ್ನೇ ಆರಿಸಿ. ಫ್ರೀಜರ್‌ನಿಂದ ತೆಗೆದು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ತಲೆಗೆ ಎರಡು ಮೂರು ಅಂತ 50 ಖರ್ಜೂರ ಹಿಡಿದರೆ, ಒಂದಕ್ಕೆ ಅರ್ಧ ಪಟ್ಟಿ ಲೆಕ್ಕದಲ್ಲಿ 25 ಪಟ್ಟಿ ಬೇಕು. ಖರ್ಜೂರದ ಬೀಜ ತೆಗೆದು ಆ ಜಾಗಕ್ಕೆ ಹುರಿದ ಶೇಂಗಾ ತುಂಬಿ. ಬೇರೆ ಕಡೆ ಬಾದಾಮಿ ಹಾಕ್ತಾರೆ; ಚಳ್ಳಕೆರೆ ಪಕ್ಕದಲ್ಲೇ ಇರುವಾಗ ನಮಗೆ ಶೇಂಗಾನೇ ಸರಿ, ರುಚಿಯೂ ಹೆಚ್ಚು ಅಂತ ನನ್ನ ಅಭಿಪ್ರಾಯ.

ಈಗ ಮುಖ್ಯವಾದ ಕೆಲಸ. ತಣ್ಣಗಿರುವ ತವಾ ಮೇಲೆ ಪಟ್ಟಿಗಳನ್ನು ಹರಡಿ ಸಣ್ಣ ಉರಿ ಹಚ್ಚಿ. ಕೊಬ್ಬಿನ ಬಿಳಿ ಅಂಚು ಗಾಜಿನ ಹಾಗೆ ತಿಳಿಯಾಗಿ, ಪಟ್ಟಿ ಇನ್ನೂ ಬಾಗುವಷ್ಟು ಮೆತ್ತಗಿರುವಾಗಲೇ ತೆಗೆಯಿರಿ. ಗರಿಯಾದರೆ ಸುತ್ತುವಾಗ ಮುರಿಯುತ್ತೆ. ಖರ್ಜೂರಕ್ಕೆ ಬಿಗಿಯಾಗಿ ಸುತ್ತಿ. ಟೂತ್‌ಪಿಕ್ಕನ್ನು ಅಡ್ಡ ಚುಚ್ಚಬೇಡಿ, ಉದ್ದಕ್ಕೆ ತೂರಿಸಿ, ಆಗ ಎಲ್ಲಾ ಮಗ್ಗುಲಿಗೂ ಹೊರಳಿಸಬಹುದು. ಸುತ್ತಿನ ಕೊನೆ ಕೆಳಗೆ ಬರುವಂತೆ ಅದೇ ಕೊಬ್ಬಿನಲ್ಲಿ ಇಡಿ. ಆ ಅಂಚು ಮೊದಲು ಹಿಡಿದುಕೊಂಡರೆ ಬಿಚ್ಚಿಕೊಳ್ಳೋದಿಲ್ಲ. ಬೆಣ್ಣೆ ಡಬ್ಬಿ ಮುಟ್ಟಬೇಡಿ, ಬೇಕನ್ ಬಿಟ್ಟ ಕೊಬ್ಬೇ ಸಾಕಷ್ಟಿರುತ್ತೆ. ಜಾಸ್ತಿಯಾದರೆ ಬಗ್ಗಿಸಿ ತೆಗೆಯಿರಿ. ಮುಚ್ಚಳ ಮುಚ್ಚಿದರೆ ಆವಿ ನಿಂತು ಮತ್ತೆ ಮೆತ್ತಗಾಗುತ್ತೆ. ಎಲ್ಲೂ ಹಸಿ ಬಣ್ಣ ಉಳಿಯದೆ ಕೆಂಪಗಾದ ಮೇಲೆ ಇಳಿಸಿ, ಮೇಲೆ ಚಿಟಿಕೆ ಬ್ಯಾಡಗಿ ಮೆಣಸಿನಪುಡಿ. ಉಪ್ಪು ಹಾಕಬೇಡಿ, ಬೇಕನ್ನಿನಲ್ಲೇ ಬೇಕಾದಷ್ಟಿದೆ.

ಸುತ್ತಿದ್ದನ್ನು ಇಟ್ಟು ಇನ್ನೊಂದು ದಿನ ಹುರಿಯೋದು ಬೇಡ. ಅರ್ಧ ಬೆಂದ ಮಾಂಸ ಇಡುವಂಥದ್ದಲ್ಲ. ಹಿಂದಿನ ದಿನ ಖರ್ಜೂರ ತುಂಬಿಟ್ಟುಕೊಳ್ಳಿ, ಉಳಿದದ್ದೆಲ್ಲ ಅವತ್ತೇ. ಹುರಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ನಮ್ಮ ಬೇಸಿಗೆಯಲ್ಲಾದರೆ ಒಂದೇ ಗಂಟೆ.

ಬರುವವರಲ್ಲಿ ಹಂದಿ ಮಾಂಸ ತಿನ್ನದವರು, ಮಾಂಸವನ್ನೇ ತಿನ್ನದವರು ಖಂಡಿತ ಇರ್ತಾರೆ. ಅವರಿಗೆ ಶೇಂಗಾ ತುಂಬಿದ ಖರ್ಜೂರವನ್ನು ಬೇರೆ ತವಾದಲ್ಲಿ, ಬೇಕನ್ ತವಾ ಹಚ್ಚುವ ಮೊದಲೇ, ತುಪ್ಪದಲ್ಲಿ ಬಾಡಿಸಿ ಬೇರೆ ತಟ್ಟೆಯಲ್ಲಿ ಜೋಡಿಸಿ. ಚಿಮಟವೂ ಬೇರೆ ಇರಲಿ. ಯಾವ ತಟ್ಟೆಯಲ್ಲಿ ಏನಿದೆ ಅಂತ ಚೀಟಿ ಬರೆದಿಡಿ, ಮಕ್ಕಳ ಕೈಗೆ ಕೊಡುವ ಮುಂಚೆ ಟೂತ್‌ಪಿಕ್ ತೆಗೆಯಿರಿ.